ಓದುಗರ ಪ್ರಶ್ನೆ: ಇಲಿಯ ಮೆದುಳಿನ ಗಡ್ಡೆ ಬೆಳೆಯುತ್ತಿದೆಯೇ ಎಂದು ನೋಡುವುದು ಹೇಗೆ?

ಪ್ರಯೋಗಾಲಯದ ಇಲಿಗಳಲ್ಲಿ ಮೆದುಳಿನ ಗಡ್ಡೆಯ ಚಿತ್ರಣದ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹಲವರು ಕೇಳಿದ್ದು ಒಂದೇ ಆಗಿದ್ದಲ್ಲಿ ಒಂದು ಪತ್ರವನ್ನಷ್ಟೇ ಇಟ್ಟುಕೊಂಡಿದ್ದೇವೆ.

ಪ್ರಶ್ನೆ: ಸಿ57ಬಿಎಲ್/6 ಎಂಬ ಕಪ್ಪು ತಳಿಯ ಇಲಿಗಳ ಮೆದುಳಿಗೆ ಲೂಸಿಫರೇಸ್ (ಬೆಳಕು ಹೊಮ್ಮಿಸುವ ಮಿಂಚುಹುಳದ ಕಿಣ್ವ) ಇರುವ ಜಿಎಲ್261 ಎಂಬ ಇಲಿಯ ಮೆದುಳುಗಡ್ಡೆಯ ಕೋಶಗಳನ್ನು ಹಾಕಿದ್ದೇವೆ. ಎರಡು ವಾರ ಬೆಳಕು ಏರುತ್ತಾ ಹೋಯಿತು. ಮೂರನೇ ವಾರ, ಔಷಧಿಯನ್ನೇ ಕೊಡದ ಗುಂಪಿನಲ್ಲಿ ಕೆಲವು ಇಲಿಗಳ ಬೆಳಕು ಅರ್ಧಕ್ಕಿಳಿದಿದೆ. ಇಲಿಗಳು ಮಾತ್ರ ತೂಕ ಕಳೆದುಕೊಳ್ಳುತ್ತಿವೆ. ಕ್ಯಾಮೆರಾ ಕೆಟ್ಟಿದೆಯೇ?

ಉತ್ತರ: ಕ್ಯಾಮೆರಾ ಕೆಟ್ಟಿದ್ದರೆ ಎಲ್ಲ ಇಲಿಗಳಲ್ಲೂ ಬೆಳಕು ಇಳಿಯಬೇಕಿತ್ತು. ಕೆಲವದರಲ್ಲಿ ಮಾತ್ರ ಇಳಿದಿದೆ ಎಂದರೆ ಕಾರಣ ಇಲಿಯ ಮೈಯಲ್ಲೋ ಸೂಜಿಯ ತುದಿಯಲ್ಲೋ ಇದೆ. ತೂಕದ ಪಟ್ಟಿಯನ್ನು ನಂಬಿ, ಬೆಳಕನ್ನು ಅನುಮಾನಿಸಿ.

ಲೂಸಿಫರೇಸ್ ಕಿಣ್ವ ಬೆಳಕು ಕೊಡಬೇಕಾದರೆ ಅದಕ್ಕೆ ಲೂಸಿಫೆರಿನ್ (ಕಿಣ್ವ ಬೆಳಕಾಗಿಸುವ, ನಾವು ಚುಚ್ಚಿ ಕೊಡುವ ವಸ್ತು), ಆಮ್ಲಜನಕ, ಎಟಿಪಿ (ಕೋಶದ ಶಕ್ತಿಯ ಅಣು), ಮೆಗ್ನೀಸಿಯಂ ನಾಲ್ಕೂ ಬೇಕು. ಹುಟ್ಟಿದ ಬೆಳಕು ಮೆದುಳು, ತಲೆಬುರುಡೆ, ಚರ್ಮ, ಕೂದಲು ದಾಟಿ ಹೊರಬರಬೇಕು. ಇವುಗಳಲ್ಲಿ ಯಾವುದು ಕಡಿಮೆಯಾದರೂ ಪರದೆಯ ಮೇಲಿನ ಸಂಖ್ಯೆ ಇಳಿಯುತ್ತದೆ, ಗಡ್ಡೆ ಇಳಿಯದಿದ್ದರೂ.

ಮೊದಲು ಚುಚ್ಚುಮದ್ದನ್ನು ನೋಡಿ. ಹೊಟ್ಟೆಯ ಪೊರೆಯೊಳಗೆ ಹೋಗಬೇಕಾದ ಲೂಸಿಫೆರಿನ್ ಕರುಳಿನೊಳಗೋ ಚರ್ಮದಡಿಗೋ ಹೋಗುವುದು ಬಹಳ ಸಾಮಾನ್ಯ. ಆಗ ಬೆಳಕು ಮಂದವಾಗಿರುತ್ತದೆ, ಗರಿಷ್ಠ ಮಟ್ಟಕ್ಕೆ ತಡವಾಗಿ ಬರುತ್ತದೆ. ಇಲಿಯ ತಲೆಯನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ, ಅದರ ಬಲಗಡೆಯ ಕೆಳಹೊಟ್ಟೆಗೆ ಚುಚ್ಚಿ. ಎಡಗಡೆ ದೊಡ್ಡ ಕರುಳಿನ ಚೀಲ ಅಡ್ಡ ಬರುತ್ತದೆ. ತಳ್ಳುವ ಮುನ್ನ ಪಿಸ್ಟನ್ ಒಮ್ಮೆ ಹಿಂದಕ್ಕೆಳೆಯಿರಿ. ಹಸಿರು ಅಥವಾ ಕಂದು ದ್ರವ ಬಂದರೆ ಸೂಜಿ ಕರುಳಿನಲ್ಲಿದೆ. ಸಿರಿಂಜನ್ನು ಎಸೆದು ಹೊಸದು ತೆಗೆದುಕೊಳ್ಳಿ. ಅನುಮಾನವಿರುವ ಇಲಿಗಳನ್ನು ಮರುದಿನ ಮತ್ತೆ ಅಳೆಯಿರಿ. ಒಂದೇ ರಾತ್ರಿಯಲ್ಲಿ ಬೆಳಕು ದುಪ್ಪಟ್ಟಾದರೆ ತಪ್ಪು ಸೂಜಿಯದ್ದು.

ಎರಡನೆಯದು ಗಡ್ಡೆಯೇ. ದೊಡ್ಡದಾದ ಗಡ್ಡೆಯ ನಡುಭಾಗಕ್ಕೆ ರಕ್ತ ಸಾಲದೆ ಕೋಶಗಳು ಸಾಯುತ್ತವೆ, ಬದುಕಿರುವವಕ್ಕೂ ಆಮ್ಲಜನಕ ಕಮ್ಮಿ. ಹಾಗಾಗಿ ಮೂರನೇ ವಾರದ ದೊಡ್ಡ ಗಡ್ಡೆ ಎರಡನೇ ವಾರದ ಚಿಕ್ಕ ಗಡ್ಡೆಗಿಂತ ಮಂದವಾಗಿ ಕಾಣುವುದುಂಟು.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಮಿಂಚುಹುಳದ ಪ್ರೋಟೀನು ಇಲಿಯ ಮೈಗೆ ಹೊರಗಿನದು. ರೋಗನಿರೋಧಕ ವ್ಯವಸ್ಥೆ ಸರಿಯಿರುವ ಇಲಿಯಲ್ಲಿ ಲೂಸಿಫರೇಸ್ ಇರುವ ಕೋಶಗಳ ಮೇಲೆ ದಾಳಿಯಾಗಿ, ಆ ಜೀನ್ ಕಳೆದುಕೊಂಡ ಕೋಶಗಳು ಉಳಿದು ಬೆಳೆಯಬಹುದು. ಗಡ್ಡೆ ಕತ್ತಲಲ್ಲೇ ದೊಡ್ಡದಾಗುತ್ತದೆ. ಇದನ್ನು ಪರೀಕ್ಷಿಸಲು ಪ್ರಯೋಗದ ಕೊನೆಯಲ್ಲಿ ಗಡ್ಡೆಯ ಕೋಶಗಳನ್ನು ತೆಗೆದು ಬೆಳೆಸಿ, ಲೂಸಿಫೆರಿನ್ ಹಾಕಿ, ಒಂದು ಕೋಶಕ್ಕೆ ಎಷ್ಟು ಬೆಳಕು ಬರುತ್ತದೆಂದು ಮೂಲ ಕೋಶಗಳ ಜೊತೆ ಹೋಲಿಸಿ. ಜಿಎಲ್261ರಂಥ ಮಾದರಿಯಲ್ಲಿ, ಅದರಲ್ಲೂ ಇಮ್ಯುನೋಥೆರಪಿಯ ಅಧ್ಯಯನದಲ್ಲಿ, ಈ ಪರೀಕ್ಷೆ ಇಲ್ಲದ ಬೆಳಕಿನ ಗ್ರಾಫನ್ನು ನಂಬುವಂತಿಲ್ಲ.

ಕೊನೆಯದಾಗಿ ಚರ್ಮ. ಕಪ್ಪು ಇಲಿಯ ಕೂದಲು ಬೋಳಿಸಿದರೆ ಸಾಲದು. ಕೂದಲು ಮತ್ತೆ ಹುಟ್ಟುವ ಹಂತದಲ್ಲಿ ಚರ್ಮವೇ ಬೂದುಗಪ್ಪಾಗಿ ಬೆಳಕನ್ನು ಹೀರುತ್ತದೆ. ಗಾಯದ ಹಕ್ಕಳೆಯೂ ಅಷ್ಟೇ. ಪ್ರತಿ ಸಲ ತಲೆಯ ಚರ್ಮದ ಬಣ್ಣ ಬರೆದಿಡಿ. ಮುಂದಿನ ಪ್ರಯೋಗಕ್ಕೆ ಇದೇ ತಳಿಯ ಬಿಳಿ ಇಲಿಗಳು ಸಿಕ್ಕರೆ ಅವನ್ನೇ ಬಳಸಿ.

ಪ್ರಶ್ನೆ: ಲೂಸಿಫೆರಿನ್ ಎಷ್ಟು ಕೊಡಬೇಕು, ಎಷ್ಟು ಹೊತ್ತು ಕಾಯಬೇಕು? ನಮ್ಮ ಲ್ಯಾಬಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ರೂಢಿಯಲ್ಲಿರುವ ಪ್ರಮಾಣ ಪ್ರತಿ ಕಿಲೋ ತೂಕಕ್ಕೆ 150 ಮಿಲಿಗ್ರಾಂ. ಡಿ-ಲೂಸಿಫೆರಿನ್‌ನ ಪೊಟ್ಯಾಸಿಯಂ ಲವಣವನ್ನು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಇಲ್ಲದ ಫಾಸ್ಫೇಟ್ ಬಫರ್ ಸಲೈನಿನಲ್ಲಿ ಮಿಲಿಲೀಟರಿಗೆ 15 ಮಿಲಿಗ್ರಾಂ ಬರುವಂತೆ ಕರಗಿಸಿ, 0.22 ಮೈಕ್ರೋಮೀಟರ್ ಫಿಲ್ಟರಿನಲ್ಲಿ ಸೋಸಿ. ಹೀಗೆ ಮಾಡಿಕೊಂಡರೆ ಲೆಕ್ಕ ಸುಲಭ: ಇಲಿಯ ತೂಕದ ಒಂದೊಂದು ಗ್ರಾಮಿಗೆ 10 ಮೈಕ್ರೋಲೀಟರ್. 20 ಗ್ರಾಂ ಇಲಿಗೆ 200 ಮೈಕ್ರೋಲೀಟರ್, ಅಂದರೆ 3 ಮಿಲಿಗ್ರಾಂ. ತೂಕ ಅಂದಿನದೇ ಆಗಿರಲಿ. ಗಡ್ಡೆ ಬೆಳೆದ ಇಲಿ ಸೊರಗುತ್ತದೆ, ಹೋದ ವಾರದ ತೂಕ ಇಂದಿಗೆ ಸಲ್ಲದು. ದ್ರಾವಣವನ್ನು ಒಂದು ದಿನಕ್ಕೆ ಸಾಕಾಗುವಷ್ಟು ಚಿಕ್ಕ ಟ್ಯೂಬುಗಳಿಗೆ ಹಂಚಿ, ಬೆಳಕು ತಾಗದಂತೆ ಫಾಯಿಲ್ ಸುತ್ತಿ ಫ್ರೀಜರಿನಲ್ಲಿಡಿ. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಕಾಯುವ ಹೊತ್ತನ್ನು ಬೇರೆಯವರಿಂದ ಕೇಳಿ ತಿಳಿಯುವುದಲ್ಲ, ನಿಮ್ಮ ಮಾದರಿಯಲ್ಲೇ ಅಳೆಯಬೇಕು. ನಾಲ್ಕೈದು ಇಲಿಗಳಲ್ಲಿ ಚುಚ್ಚಿದ 5ನೇ ನಿಮಿಷದಿಂದ 30ನೇ ನಿಮಿಷದವರೆಗೆ ಎರಡೆರಡು ನಿಮಿಷಕ್ಕೊಂದು ಚಿತ್ರ ತೆಗೆಯಿರಿ. ಸಾಮಾನ್ಯವಾಗಿ 10ರಿಂದ 20 ನಿಮಿಷದ ನಡುವೆ ಬೆಳಕು ಮೇಲೇರಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆ ಸಮತಟ್ಟಿನ ನಡುವಿನ ನಿಮಿಷವನ್ನು ಆರಿಸಿ, ಇಡೀ ಪ್ರಯೋಗಕ್ಕೆ ಅದನ್ನೇ ಇಟ್ಟುಕೊಳ್ಳಿ. ಗಡ್ಡೆ ದೊಡ್ಡದಾದ ಮೇಲೆ ಈ ಏರಿಳಿತ ಬದಲಾಗುವುದರಿಂದ ಮಧ್ಯದಲ್ಲಿ ಇನ್ನೊಮ್ಮೆ ಪರೀಕ್ಷಿಸಿ.

ಕ್ಯಾಮೆರಾದ ಎಕ್ಸ್‌ಪೋಷರನ್ನು, ಅತಿ ಪ್ರಕಾಶದ ಪಿಕ್ಸೆಲಿನ ಎಣಿಕೆ 600ಕ್ಕಿಂತ ಮೇಲೆ, 60,000ಕ್ಕಿಂತ ಕೆಳಗೆ ಇರುವಂತೆ ಹೊಂದಿಸಿ. 16 ಬಿಟ್ ಕ್ಯಾಮೆರಾದ ಮಿತಿ 65,535. ಅದನ್ನು ಮುಟ್ಟಿದ ಚಿತ್ರ ಸುಂದರವಾಗಿ ಕಂಡರೂ ಅಳತೆಗೆ ಬಾರದು. ವರದಿಯಲ್ಲಿ ಎಣಿಕೆಯ ಬದಲು ಸೆಕೆಂಡಿಗೆ ಎಷ್ಟು ಫೋಟಾನ್ ಎಂದು ಬರೆಯಿರಿ. ಹಾಗಿದ್ದರೆ ಮಾತ್ರ ಬೇರೆ ಬೇರೆ ಎಕ್ಸ್‌ಪೋಷರಿನ ಚಿತ್ರಗಳನ್ನು ಹೋಲಿಸಬಹುದು. ಪ್ರತಿ ಚಿತ್ರದಲ್ಲೂ ಒಂದೇ ಅಳತೆಯ ವೃತ್ತವನ್ನು ತಲೆಯ ಮೇಲಿಡಿ. ಹಲವು ಇಲಿಗಳನ್ನು ಸಾಲಾಗಿ ಮಲಗಿಸುವಾಗ ನಡುವೆ ಕಪ್ಪು ತಡಿಕೆ ಇರಲಿ, ಇಲ್ಲದಿದ್ದರೆ ಪಕ್ಕದ ಇಲಿಯ ಬೆಳಕು ಮಂದ ಇಲಿಯ ಲೆಕ್ಕಕ್ಕೆ ಸೇರಿಹೋಗುತ್ತದೆ. ಐಸೋಫ್ಲೂರೇನ್ ಲೂಸಿಫರೇಸನ್ನು ಒಂದಿಷ್ಟು ತಡೆಯುತ್ತದೆ. ಆದ್ದರಿಂದ ಅರಿವಳಿಕೆಯ ಪ್ರಮಾಣವೂ ಅವಧಿಯೂ ಎಲ್ಲ ಇಲಿಗಳಿಗೆ ಒಂದೇ ಆಗಿರಬೇಕು.

ಪ್ರಶ್ನೆ: ಔಷಧಿಯ ಮೊದಲ ಡೋಸ್ ಕೊಟ್ಟ ಮರುದಿನವೇ ಬೆಳಕು ಮೂರು ಪಟ್ಟಾಯಿತು. ಔಷಧಿ ಗಡ್ಡೆಯನ್ನು ಬೆಳೆಸುತ್ತಿದೆಯೇ?

ಉತ್ತರ: ಗಡ್ಡೆ ಒಂದು ದಿನದಲ್ಲಿ ಮೂರು ಪಟ್ಟಾಗದು. ರಕ್ತನಾಳ ಮತ್ತು ಮೆದುಳಿನ ನಡುವಿನ ತಡೆಗೋಡೆಯಲ್ಲಿ ಎಬಿಸಿಜಿ2 ಎಂಬ ಪಂಪ್ ಇದೆ. ಅದು ಲೂಸಿಫೆರಿನ್ನನ್ನು ಮೆದುಳಿನಿಂದ ಹೊರಗೆ ತಳ್ಳುತ್ತಿರುತ್ತದೆ. ಕೈನೇಸ್ (ಕೋಶದೊಳಗೆ ಸಂಕೇತ ಸಾಗಿಸುವ ಕಿಣ್ವ) ತಡೆಯುವ ಔಷಧಿಗಳಲ್ಲಿ ಕೆಲವು ಈ ಪಂಪನ್ನೂ ತಡೆಯುತ್ತವೆ. ಆಗ ಲೂಸಿಫೆರಿನ್ ಹೆಚ್ಚು ಒಳನುಗ್ಗಿ, ಅಷ್ಟೇ ಕೋಶಗಳು ಹೆಚ್ಚು ಬೆಳಗುತ್ತವೆ. ದಿನದ ಡೋಸ್ ಕೊಡುವ ಮುನ್ನ, ರಕ್ತದಲ್ಲಿ ಔಷಧಿ ಅತಿ ಕಡಿಮೆ ಇರುವ ಹೊತ್ತಿನಲ್ಲಿ ಅಳೆದು ನೋಡಿ. ಏರಿಕೆ ಮಾಯವಾದರೆ ಉತ್ತರ ಸಿಕ್ಕಂತೆ. ಇಂಥ ಔಷಧಿಯ ಅಧ್ಯಯನದಲ್ಲಿ ಗಡ್ಡೆಯ ಗಾತ್ರಕ್ಕೆ ಎಂಆರ್‌ಐಯನ್ನೇ ನೆಚ್ಚಿಕೊಳ್ಳಿ.

ಪ್ರಶ್ನೆ: ನಮ್ಮಲ್ಲಿ 7 ಟೆಸ್ಲಾದ ಚಿಕ್ಕ ಪ್ರಾಣಿಗಳ ಎಂಆರ್‌ಐ ಇದೆ. ಒಂದು ಇಲಿಗೆ ಅರ್ಧ ಗಂಟೆಗಿಂತ ಹೆಚ್ಚು ಸಮಯ ಸಿಗುವುದಿಲ್ಲ. ಯಾವ ಸ್ಕ್ಯಾನ್ ಮಾಡಬೇಕು? ರೋಗಿಯಿಂದ ಪಡೆದ ಕೋಶಗಳ ಗಡ್ಡೆಗಳು ಗ್ಯಾಡೋಲಿನಿಯಂ (ಎಂಆರ್‌ಐ ಚಿತ್ರದಲ್ಲಿ ಬೆಳಗಲು ರಕ್ತಕ್ಕೆ ಕೊಡುವ ವಸ್ತು) ಕೊಟ್ಟರೂ ಬೆಳಗುವುದಿಲ್ಲ, ಏಕೆ?

ಉತ್ತರ: ಮೊದಲು ಟಿ2 ಸ್ಕ್ಯಾನ್ (ನೀರು ಹೆಚ್ಚಿರುವ ಜಾಗ ಬೆಳ್ಳಗೆ ಕಾಣುವ ಚಿತ್ರ), ಫಾಸ್ಟ್ ಸ್ಪಿನ್ ಎಕೋ (ರೇರ್) ವಿಧಾನದಲ್ಲಿ. ಹೀಗೆ ಶುರುಮಾಡಬಹುದು: ಟಿಆರ್ (ಎರಡು ಉದ್ದೀಪನಗಳ ನಡುವಿನ ಅವಧಿ) 2,500 ಮಿಲಿಸೆಕೆಂಡ್, ಪರಿಣಾಮಿ ಟಿಇ (ಉದ್ದೀಪನದಿಂದ ಎಕೋವರೆಗಿನ ಅವಧಿ) 35ರ ಆಸುಪಾಸು, ಒಂದು ಉದ್ದೀಪನಕ್ಕೆ 8 ಎಕೋ, 20 ಮಿ.ಮೀ. ಚೌಕದ ಕ್ಷೇತ್ರ, 256 × 256 ಮ್ಯಾಟ್ರಿಕ್ಸ್, 0.5 ಮಿ.ಮೀ. ದಪ್ಪದ 18 ಸ್ಲೈಸ್, ನಡುವೆ ಅಂತರ ಬೇಡ, 4 ಸರಾಸರಿ. 256ನ್ನು 8ರಿಂದ ಭಾಗಿಸಿದರೆ 32. ಒಂದೊಂದಕ್ಕೆ 2.5 ಸೆಕೆಂಡಿನಂತೆ 80 ಸೆಕೆಂಡ್, ನಾಲ್ಕು ಸಲಕ್ಕೆ 5 ನಿಮಿಷ 20 ಸೆಕೆಂಡ್. ಒಂದು ಪಿಕ್ಸೆಲ್ 0.078 ಮಿ.ಮೀ. ಬರುತ್ತದೆ. ಸ್ಲೈಸುಗಳನ್ನು ಪ್ರತಿ ವಾರ ಒಂದೇ ಗುರುತಿನಿಂದ ಆರಂಭಿಸಿ. ಉದ್ದುದ್ದದ ಚಿತ್ರದಲ್ಲಿ ಘ್ರಾಣಭಾಗ ಮುಗಿದು ದೊಡ್ಡ ಮೆದುಳು ಶುರುವಾಗುವ ತಗ್ಗು ಸ್ಪಷ್ಟವಾಗಿ ಕಾಣುತ್ತದೆ, ಅದೇ ಒಳ್ಳೆಯ ಗುರುತು.

ಆಮೇಲೆ ಟಿ1 (ಗ್ಯಾಡೋಲಿನಿಯಂ ಬೆಳ್ಳಗೆ ಕಾಣುವ ಚಿತ್ರ): ಗ್ಯಾಡೋಲಿನಿಯಂ ಮುನ್ನ ಒಂದು, ನಂತರ ಒಂದು. ಕಿಲೋಗೆ 0.1ರಿಂದ 0.2 ಮಿಲಿಮೋಲ್ ಸಾಕು. ಮಿಲಿಲೀಟರಿಗೆ 0.5 ಮಿಲಿಮೋಲ್ ಇರುವ ದ್ರಾವಣವಾದರೆ 20 ಗ್ರಾಂ ಇಲಿಗೆ 0.2ರ ಲೆಕ್ಕದಲ್ಲಿ ಬರೀ 8 ಮೈಕ್ರೋಲೀಟರ್. ಇಷ್ಟು ಚಿಕ್ಕ ಪ್ರಮಾಣವನ್ನು ನೇರವಾಗಿ ಕೊಡಲಾಗದು, ಸಲೈನ್ ಸೇರಿಸಿ 100 ಮೈಕ್ರೋಲೀಟರ್ ಮಾಡಿ. ಬಾಲದ ರಕ್ತನಾಳದಿಂದ ಸ್ಕ್ಯಾನರಿನ ಹೊರಗಿನವರೆಗೆ ಎಳೆದ ತೆಳು ಕೊಳವೆಯೊಳಗೇ ಈ 100 ಮೈಕ್ರೋಲೀಟರ್ ಪೂರ್ತಿ ಉಳಿದುಬಿಡಬಹುದು! ಕೊಳವೆಯ ಒಳ ಪ್ರಮಾಣವನ್ನು ಮೊದಲೇ ಅಳೆದು, ಹಿಂದಿನಿಂದ ಅಷ್ಟು ಸಲೈನ್ ತಳ್ಳಿ. ಯಾವ ಇಲಿಯ ಗಡ್ಡೆಯೂ ಬೆಳಗದ ದಿನ ಮೊದಲು ನೋಡಬೇಕಾದದ್ದು ಈ ಕೊಳವೆಯನ್ನೇ. ಬಾಲದ ರಕ್ತನಾಳ ಸಿಗದಿದ್ದರೆ ಹೊಟ್ಟೆಯೊಳಗೆ ಕೊಡಬಹುದು, ಆದರೆ ಗಡ್ಡೆ ಬೆಳಗಲು ಹತ್ತಿಪ್ಪತ್ತು ನಿಮಿಷ ಬೇಕು.

ಕೊಳವೆ ಸರಿಯಿದ್ದೂ ಬೆಳಗದಿದ್ದರೆ ಕಾರಣ ಗಡ್ಡೆಯ ಸ್ವಭಾವ. ಗ್ಯಾಡೋಲಿನಿಯಂ ಕೋಶಗಳನ್ನು ತೋರಿಸುವುದಿಲ್ಲ, ರಕ್ತನಾಳ ಸೋರುತ್ತಿರುವ ಜಾಗವನ್ನು ತೋರಿಸುತ್ತದೆ. ಯು87ರಂಥ, ಲ್ಯಾಬಿನಲ್ಲಿ ಬಹುಕಾಲ ಬೆಳೆಸಿದ ಮಾನವ ಗಡ್ಡೆಯ ಕೋಶಗಳು ಉಂಡೆಕಟ್ಟಿ ಬೆಳೆದು ತಡೆಗೋಡೆಯನ್ನು ಒಡೆಯುವುದರಿಂದ ಚೆನ್ನಾಗಿ ಬೆಳಗುತ್ತವೆ. ರೋಗಿಯಿಂದ ಪಡೆದ ಕೋಶಗಳಲ್ಲಿ ಅನೇಕವು ಇದ್ದ ನಾಳಗಳ ಗುಂಟ ನುಸುಳಿ ಹರಡುತ್ತವೆ, ತಡೆಗೋಡೆ ಒಡೆಯುವುದೇ ಇಲ್ಲ. ಅಂಥ ಗಡ್ಡೆಗೆ ಟಿ2 ಮೇಲೆಯೇ ಅವಲಂಬಿಸಿ. ಅದರಲ್ಲಿ ಬಾವೂ ಬೆಳ್ಳಗೆ ಕಾಣುತ್ತದೆ ಎಂಬುದು ನೆನಪಿರಲಿ. ಕೊನೆಯಲ್ಲಿ ಮೆದುಳನ್ನು ಕತ್ತರಿಸಿ ಬಣ್ಣ ಹಾಕಿ ಒಮ್ಮೆಯಾದರೂ ಚಿತ್ರದೊಂದಿಗೆ ತಾಳೆ ನೋಡಲೇಬೇಕು. ರಕ್ತನಾಳಗಳ ಮೇಲೆ ಕೆಲಸ ಮಾಡುವ ಔಷಧಿಗಳಲ್ಲಿ ಇದರ ಇನ್ನೊಂದು ಮುಖ ಕಾಣಿಸುತ್ತದೆ: ನಾಳದ ಸೋರಿಕೆ ನಿಂತು ಗಡ್ಡೆ ಚಿಕ್ಕದಾದಂತೆ ತೋರುತ್ತದೆ, ಕೋಶಗಳು ಇದ್ದಲ್ಲೇ ಇರುತ್ತವೆ.

ಪ್ರಶ್ನೆ: ಕೋಶ ಹಾಕಿದ ಜಾಗದಲ್ಲಿ ಎಂಆರ್‌ಐಯಲ್ಲಿ ಕಪ್ಪು ತೂತು ಕಾಣುತ್ತದೆ. ಕೆಲವು ಇಲಿಗಳಲ್ಲಿ ತಲೆಯ ಒಂದು ಬದಿಯೇ ಸೊಟ್ಟಗಾಗಿದೆ.

ಉತ್ತರ: ಚಿಕ್ಕ ಕಪ್ಪು ತೂತು ಸೂಜಿಯಿಂದಾದ ರಕ್ತಸ್ರಾವದ ಗುರುತು ಅಥವಾ ಗಾಳಿಗುಳ್ಳೆ. ಸೊಟ್ಟಗಾಗಿರುವುದು ಲೋಹದ ಕೆಲಸ. ಕಿವಿಯ ಲೋಹದ ಬಿಲ್ಲೆ, ಗಾಯಕ್ಕೆ ಹಾಕಿದ ಕ್ಲಿಪ್, ಕೆಲವೊಮ್ಮೆ ಡ್ರಿಲ್ ತುದಿಯಿಂದ ಉದುರಿದ ಕಣ. ಕಿವಿಗೆ ಬಿಲ್ಲೆಯ ಬದಲು ಕಚ್ಚು ಗುರುತು ಹಾಕಿ, ಗಾಯವನ್ನು ಹೊಲಿಗೆ ಅಥವಾ ಅಂಗಾಂಶದ ಅಂಟಿನಿಂದ ಮುಚ್ಚಿ. ಗುರುತಿನ ಮೈಕ್ರೋಚಿಪ್ ಇರುವುದಾದರೆ ಕುತ್ತಿಗೆಯ ಹತ್ತಿರ ಬೇಡ, ಬೆನ್ನಿನ ಹಿಂಭಾಗದಲ್ಲಿ ಹಾಕಿ. ಗ್ರೇಡಿಯೆಂಟ್ ಎಕೋ ಸ್ಕ್ಯಾನಿನಲ್ಲಿ ಈ ಕಲೆಗಳು ಉಬ್ಬಿ ಕಾಣುತ್ತವೆ, ಸ್ಪಿನ್ ಎಕೋದಲ್ಲಿ ಅಷ್ಟಿಲ್ಲ.

ರಕ್ತಸ್ರಾವ ಕಡಿಮೆ ಮಾಡುವುದು ಕೋಶ ಹಾಕುವವರ ಕೈಯಲ್ಲಿದೆ. 2 ಮೈಕ್ರೋಲೀಟರನ್ನು ಐದು ನಿಮಿಷಕ್ಕೂ ಕಡಿಮೆಯಲ್ಲಿ ತಳ್ಳಬೇಡಿ. ತಳ್ಳಿದ ಮೇಲೆ ಇನ್ನು ಕೆಲವು ನಿಮಿಷ ಸೂಜಿಯನ್ನು ಅಲ್ಲೇ ಬಿಟ್ಟು, ನಿಧಾನವಾಗಿ ಎಳೆಯಿರಿ. ಅವಸರಪಟ್ಟರೆ ಕೋಶಗಳು ಸೂಜಿಯ ದಾರಿಯಲ್ಲೇ ಮೇಲೆ ಬಂದು ಮೆದುಳಿನ ಹೊರಗೆ ಗಡ್ಡೆ ಕಟ್ಟುತ್ತವೆ. ಅದು ಬುರುಡೆಯ ಹತ್ತಿರವಿರುವುದರಿಂದ ಬೆಳಕಿನ ಕ್ಯಾಮೆರಾದಲ್ಲಿ ಆಳದ ಗಡ್ಡೆಗಿಂತ ಜೋರಾಗಿ ಕಂಡು ದಾರಿ ತಪ್ಪಿಸುತ್ತದೆ. ಮೊದಲ ಎಂಆರ್‌ಐಯನ್ನು ಒಂದು ವಾರದ ನಂತರ ಮಾಡಿ. ಅದಕ್ಕೆ ಮುಂಚೆ ಶಸ್ತ್ರಕ್ರಿಯೆಯ ಬಾವು ಗಡ್ಡೆಯಂತೆ ತೋರುತ್ತದೆ.

ಪ್ರಶ್ನೆ: ಗಡ್ಡೆಯ ಉದ್ದ, ಅಗಲ, ಎತ್ತರ ಅಳೆದು ಸೂತ್ರದಿಂದ ಗಾತ್ರ ತೆಗೆದರೆ ಸಾಲದೇ? ಪ್ರತಿ ಸ್ಲೈಸಿನಲ್ಲೂ ಗೆರೆ ಎಳೆಯುವುದು ತುಂಬಾ ಹೊತ್ತು ಹಿಡಿಯುತ್ತದೆ.

ಉತ್ತರ: ಸಾಲದು. ಗಾತ್ರ ವ್ಯಾಸದ ಘನಕ್ಕೆ ತಕ್ಕಂತೆ ಏರುವುದರಿಂದ ಚಿಕ್ಕ ತಪ್ಪೂ ದೊಡ್ಡದಾಗುತ್ತದೆ. 2 ಮಿ.ಮೀ. ವ್ಯಾಸದ ಗೋಳ 4.2 ಘನ ಮಿ.ಮೀ., 2.5 ಆದರೆ 8.2, 3 ಆದರೆ 14.1. ಮೇಲೆ ಹೇಳಿದ ಪಿಕ್ಸೆಲಿನ ಲೆಕ್ಕದಲ್ಲಿ, 2 ಮಿ.ಮೀ. ಗಡ್ಡೆಯ ಸುತ್ತ ಬರೀ ಒಂದು ಪಿಕ್ಸೆಲ್ ಹೊರಗೆ ಗೆರೆ ಎಳೆದರೂ ಗಾತ್ರ ಸುಮಾರು ಶೇ. 25 ಹೆಚ್ಚಾಗುತ್ತದೆ. ಜೊತೆಗೆ ಈ ಗಡ್ಡೆಗಳು ಮೊಟ್ಟೆಯಾಕಾರದಲ್ಲಿ ಬೆಳೆಯುವುದಿಲ್ಲ. ಕಾರ್ಪಸ್ ಕಲೋಸಂ (ಮೆದುಳಿನ ಎರಡು ಬದಿಗಳನ್ನು ಜೋಡಿಸುವ ನರತಂತುಗಳ ಕಟ್ಟು) ಹಿಡಿದು ಆಚೆ ಬದಿಗೆ ದಾಟುತ್ತವೆ, ಕುಹರಗಳೊಳಗೆ ಚಾಚುತ್ತವೆ.

ಪ್ರತಿ ಸ್ಲೈಸಿನ ಗಡ್ಡೆಯ ವಿಸ್ತೀರ್ಣ ಕೂಡಿ, ಸ್ಲೈಸಿನ ದಪ್ಪದಿಂದ ಗುಣಿಸಿ. ನಡುವೆ ಅಂತರ ಬಿಟ್ಟಿದ್ದರೆ ಅದನ್ನೂ ದಪ್ಪಕ್ಕೆ ಸೇರಿಸಿ, ಇಲ್ಲಿ ತಪ್ಪುವವರು ಬಹಳ. 2 ಮಿ.ಮೀ. ಗಡ್ಡೆ 0.5 ಮಿ.ಮೀ. ಸ್ಲೈಸಿನಲ್ಲಿ ನಾಲ್ಕೈದು ಚಿತ್ರಗಳಲ್ಲಷ್ಟೇ ಕಾಣುತ್ತದೆ. ಮೊದಲ ಮತ್ತು ಕೊನೆಯ ಸ್ಲೈಸಿನಲ್ಲಿ ಗಡ್ಡೆ ಅರೆಬರೆ ಬೂದಾಗಿರುತ್ತದೆ. ಅದನ್ನು ಸೇರಿಸಬೇಕೇ ಬಿಡಬೇಕೇ ಎಂದು ಗೆರೆ ಎಳೆಯುವ ಮೊದಲೇ ಬರೆದಿಟ್ಟು, ಎಲ್ಲ ಇಲಿಗೂ ಹಾಗೇ ಮಾಡಿ. ಗೆರೆ ಎಳೆಯುವವರಿಗೆ ಯಾವ ಇಲಿ ಯಾವ ಗುಂಪಿನದೆಂದು ಗೊತ್ತಿರಬಾರದು. ಫೈಲುಗಳ ಹೆಸರನ್ನು ಬೇರೆಯವರು ಬದಲಾಯಿಸಿ ಕೊಡಲಿ. ಇದರಲ್ಲಿ ರಾಜಿ ಬೇಡ.

ಪ್ರಶ್ನೆ: ಎಫ್‌ಡಿಜಿ (ವಿಕಿರಣ ಸೂಸುವ, ಗ್ಲೂಕೋಸಿನಂಥ ವಸ್ತು) ಬಳಸಿದ ಪೆಟ್ ಸ್ಕ್ಯಾನಿನಲ್ಲಿ ಗಡ್ಡೆ ಕಾಣಲೇ ಇಲ್ಲ. ಕಣ್ಣಿನ ಹಿಂದೆ ಮಾತ್ರ ಎರಡು ಪ್ರಕಾಶಮಾನ ಚುಕ್ಕೆಗಳಿವೆ.

ಉತ್ತರ: ಅವು ಹಾರ್ಡೇರಿಯನ್ ಗ್ರಂಥಿಗಳು. ಇಲಿಗಳಲ್ಲಿ ಅವು ಎಫ್‌ಡಿಜಿಯನ್ನು ಚೆನ್ನಾಗಿ ಹೀರುತ್ತವೆ, ಗಡ್ಡೆಯಲ್ಲ. ಆರೋಗ್ಯವಂತ ಮೆದುಳೇ ಗ್ಲೂಕೋಸನ್ನು ಧಾರಾಳವಾಗಿ ಬಳಸುವುದರಿಂದ ಗಡ್ಡೆ ಅದರೊಳಗೆ ಮುಚ್ಚಿಹೋಗುತ್ತದೆ. ಅಮೈನೋ ಆಮ್ಲದ ಟ್ರೇಸರ್, ಉದಾಹರಣೆಗೆ ಎಫ್‌ಇಟಿ, ಸಿಕ್ಕರೆ ಹಿನ್ನೆಲೆ ಕಡಿಮೆ. ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ ಇರುವುದರಿಂದ ಒಂದು ತಯಾರಿಯಲ್ಲಿ ಕೆಲವು ಇಲಿಗಳನ್ನು ಮುಗಿಸಬಹುದು. ಚಿಕ್ಕ ಪ್ರಾಣಿಗಳ ಪೆಟ್ ಒಂದು, ಒಂದೂವರೆ ಮಿ.ಮೀ.ಗಿಂತ ಸೂಕ್ಷ್ಮವಾಗಿ ಸಾಮಾನ್ಯವಾಗಿ ನೋಡದು. 2 ಮಿ.ಮೀ. ಗಡ್ಡೆಯ ಅಳತೆ ನಿಜಕ್ಕಿಂತ ಕಡಿಮೆ ಬರುತ್ತದೆ. ಗಾತ್ರಕ್ಕಾಗಿ ಪೆಟ್ ಬೇಡ.

ಪ್ರಶ್ನೆ: ಬುರುಡೆಗೆ ಗಾಜಿನ ಕಿಟಕಿ ಕೂರಿಸಿ ಎರಡು-ಫೋಟಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳನ್ನೇ ಎಣಿಸಬಹುದಲ್ಲ?

ಉತ್ತರ: ಮೇಲ್ಪದರದಲ್ಲಿ ಹೌದು. ನೋಟ ಅರ್ಧ ಮಿ.ಮೀ.ನಿಂದ ಸ್ವಲ್ಪ ಹೆಚ್ಚು ಆಳಕ್ಕಷ್ಟೇ ಇಳಿಯುತ್ತದೆ. 3 ಮಿ.ಮೀ. ಆಳದ ಸ್ಟ್ರಯೇಟಂ ಎಂಬ ಒಳಭಾಗದಲ್ಲಿ ಹಾಕಿದ ಗಡ್ಡೆ ಅದಕ್ಕೆ ಸಿಗದು. ಕಿಟಕಿಯ ಅಧ್ಯಯನಕ್ಕೆ ಕೋಶಗಳನ್ನು ಮೆದುಳಿನ ಮೇಲ್ಪದರವಾದ ಕಾರ್ಟೆಕ್ಸಿನಲ್ಲೇ ಹಾಕಬೇಕು. ಡ್ರಿಲ್ಲಿನ ಬಿಸಿ ಮೆದುಳನ್ನು ಸುಡುತ್ತದೆ, ಕೆಲವು ಸೆಕೆಂಡಿಗೊಮ್ಮೆ ನಿಲ್ಲಿಸಿ ತಣ್ಣನೆಯ ಸಲೈನ್ ಹನಿಸಿ. ಶಸ್ತ್ರಕ್ರಿಯೆಯ ಉರಿಯೂತ ಇಳಿಯಲು ಎರಡು ವಾರ ಬಿಡಿ, ಇಲ್ಲದಿದ್ದರೆ ಗಡ್ಡೆಗೆ ಬಂದ ಮೈಕ್ರೋಗ್ಲಿಯಾ (ಮೆದುಳಿನ ರೋಗನಿರೋಧಕ ಕೋಶ) ಯಾವುದು, ಗಾಯಕ್ಕೆ ಬಂದದ್ದು ಯಾವುದು ತಿಳಿಯದು. ಆಮೇಲೆ ಕಿಟಕಿ ಮಂಜಾದರೆ ಪೊರೆ ದಪ್ಪವಾಗಿದೆ, ಸೋಂಕಾಗಿದೆ ಅಥವಾ ಮೂಳೆ ಮತ್ತೆ ಬೆಳೆದಿದೆ. ಅದೇ ಇಲಿಗೆ ಎಂಆರ್‌ಐ ಕೂಡ ಮಾಡುವುದಿದ್ದರೆ ತಲೆ ಹಿಡಿಯುವ ಪಟ್ಟಿ ಪ್ಲಾಸ್ಟಿಕ್ಕಿನದಾಗಿರಲಿ.

ಪ್ರಶ್ನೆ: ವಾರಕ್ಕೆ ಎಷ್ಟು ಸಲ ಸ್ಕ್ಯಾನ್ ಮಾಡಬಹುದು? ಕೊನೆಯ ದಿನಗಳಲ್ಲಿ ಇಲಿಗಳು ಸ್ಕ್ಯಾನರಿನಲ್ಲೇ ಸಾಯುತ್ತಿವೆ.

ಉತ್ತರ: ಬೆಳಕಿನ ಚಿತ್ರ ವಾರಕ್ಕೆ ಎರಡು, ಎಂಆರ್‌ಐ ಒಂದು ಸಾಕು. ಐಸೋಫ್ಲೂರೇನ್ ಮೆದುಳಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಆಳದ ಅರಿವಳಿಕೆಯಲ್ಲಿ ಉಸಿರು ನಿಧಾನವಾಗಿ ಇಂಗಾಲದ ಡೈಆಕ್ಸೈಡ್ ಸೇರಿದರೆ ಇನ್ನೂ ಹಿಗ್ಗುತ್ತವೆ. ದೊಡ್ಡ ಗಡ್ಡೆಯಿಂದ ತಲೆಯೊಳಗಿನ ಒತ್ತಡ ಮೊದಲೇ ಏರಿರುವ ಇಲಿ ಇದನ್ನು ತಾಳುವುದಿಲ್ಲ. ಮಲಗಿಸಲು ಶೇ. 3, ಆಮೇಲೆ ಶೇ. 1ರಿಂದ 1.5ರ ನಡುವೆ ಇಳಿಸಿ, ಉಸಿರು ನಿಮಿಷಕ್ಕೆ 40ರಿಂದ 80ರ ನಡುವೆ ಇರಲಿ. 40ಕ್ಕಿಂತ ಕೆಳಗಿಳಿದರೆ ಪ್ರಮಾಣವನ್ನು ತಕ್ಷಣ ತಗ್ಗಿಸಿ, ಸ್ಕ್ಯಾನ್ ಕೆಟ್ಟರೂ ಸರಿ. ಮೈ 36-37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಚ್ಚಗಿರಬೇಕು, ಕಣ್ಣಿಗೆ ಮುಲಾಮು ಹಚ್ಚಿರಬೇಕು. ಕೊನೆಯ ಹಂತದ ಇಲಿಗೆ ಟಿ2 ಒಂದನ್ನೇ ಮಾಡಿ ಎಬ್ಬಿಸಿ.

ಅದಕ್ಕಿಂತ ಮುಖ್ಯವಾದದ್ದು, ಅಂಥ ಇಲಿಯನ್ನು ಸ್ಕ್ಯಾನರಿನವರೆಗೆ ತರಲೇಬೇಕಿತ್ತೇ ಎಂಬುದು. ತೂಕ ಶೇ. 20 ಇಳಿದ, ಬೆನ್ನು ಗೂನಾದ, ಒಂದೇ ಕಡೆ ಸುತ್ತುವ, ಸೆಳೆತ ಬಂದ ಅಥವಾ ತಲೆ ಗುಮ್ಮಟದಂತೆ ಉಬ್ಬಿದ ಇಲಿಯನ್ನು ಇನ್ನೊಂದು ಚಿತ್ರಕ್ಕಾಗಿ ಬದುಕಿಸಿಡಬಾರದು. ನಿಮ್ಮ ಪ್ರಾಣಿ ನೈತಿಕ ಸಮಿತಿ ಒಪ್ಪಿದ ಮಿತಿ ಇದಕ್ಕಿಂತ ಬಿಗಿಯಾಗಿದ್ದರೆ ಅದೇ ಅಂತಿಮ.

ಪ್ರಶ್ನೆ: ನಮ್ಮಲ್ಲಿ ಎಂಆರ್‌ಐ ಇಲ್ಲ. ಬರೀ ಬೆಳಕಿನ ಚಿತ್ರಣದಿಂದ ಅಧ್ಯಯನ ಮುಗಿಸಬಹುದೇ?

ಉತ್ತರ: ಗಡ್ಡೆ ಹಿಡಿದ ಇಲಿ ಯಾವುದು, ಹಿಡಿಯದ್ದು ಯಾವುದು ಎಂದು ತಿಳಿಯಲು, ಚಿಕಿತ್ಸೆಗೆ ಮುನ್ನ ಗುಂಪುಗಳನ್ನು ಸಮವಾಗಿ ಹಂಚಲು ಬೆಳಕೇ ಅತ್ಯುತ್ತಮ. ಒಂದೇ ಇಲಿಯಲ್ಲಿ ಹತ್ತು ಪಟ್ಟು ಏರಿಕೆಯನ್ನು ನಂಬಬಹುದು, ಶೇ. 30 ವ್ಯತ್ಯಾಸವನ್ನು ನಂಬಬೇಡಿ. ಔಷಧಿ ಕೆಲಸ ಮಾಡಿತು ಎನ್ನಲು ಬದುಕುಳಿದ ಅವಧಿ ಬೇಕು, ಜೊತೆಗೆ ಪ್ರತಿ ಗುಂಪಿನಿಂದ ಕೆಲವು ಇಲಿಗಳ ಮೆದುಳನ್ನು ಒಂದೇ ದಿನ ತೆಗೆದು, ಸಮಾನ ಅಂತರದಲ್ಲಿ ಸ್ಲೈಡ್ ಮಾಡಿ ಗಡ್ಡೆಯ ವಿಸ್ತೀರ್ಣ ಅಳೆಯಬೇಕು. ಆ ಇಲಿಗಳನ್ನು ಪ್ರಯೋಗದ ಆರಂಭದಲ್ಲೇ ಚೀಟಿ ಎತ್ತಿ ಆರಿಸಿ, ಬೆಳಕನ್ನು ನೋಡಿದ ಮೇಲಲ್ಲ.

ಪ್ರಶ್ನೆ: ಫ್ಲೋರೆಸೆನ್ಸ್ ಚಿತ್ರದಲ್ಲಿ (ಹೊರಗಿನಿಂದ ಬೆಳಕು ಬಿಟ್ಟು ಹೊಳೆಯಿಸುವ ವಿಧಾನ) ಗಡ್ಡೆಗಿಂತ ಇಲಿಯ ಹೊಟ್ಟೆ, ಮೂತಿ ಹೆಚ್ಚು ಹೊಳೆಯುತ್ತವೆ.

ಉತ್ತರ: ಸಾಮಾನ್ಯ ಇಲಿ ಆಹಾರದಲ್ಲಿರುವ ಕುದುರೆಮಸಾಲೆ ಸೊಪ್ಪಿನ ಕ್ಲೋರೋಫಿಲ್ ಕೆಂಪು ಬೆಳಕಿನಲ್ಲಿ ಹೊಳೆಯುತ್ತದೆ. ಅದರ ಪುಡಿ ಮೂತಿಗೂ ಮೈಗೂ ಅಂಟಿರುತ್ತದೆ. ಚಿತ್ರಣಕ್ಕೆ ಒಂದು ವಾರ ಮುಂಚೆ ಆ ಸೊಪ್ಪಿಲ್ಲದ ಶುದ್ಧೀಕೃತ ಆಹಾರಕ್ಕೆ ಬದಲಾಯಿಸಿ, ಗೂಡಿನ ಹಾಸನ್ನೂ ಅದೇ ದಿನ ಬದಲಿಸಿ. ಹಳೆಯ ಹಾಸಿನಲ್ಲಿ ಉಳಿದ ಹಿಕ್ಕೆಯನ್ನು ಇಲಿಗಳು ತಿನ್ನುತ್ತವೆ.